ಮುಚ್ಚಳ ತೆಗೀಬೇಡಿ

ಹಾಸಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಚೂರಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ಯಾರೋ, ಇಟ್ಟದ್ದು ಯಾವ ಕಾಲದಲ್ಲೋ. ಈಗಂತೂ ಕಟ್ಟಿಕೊಂಡ ಗಂಡನೇ ಒಂದೊಂದು ಸಲ ಬಾಯಿತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಕಾರಣ ಇಷ್ಟೇ. ಬಟ್ಟೆಯ ಚೂರಾಗಲಿ, ಹತ್ತಿಯ ಚೂರಾಗಲಿ, ಗೇಣುದ್ದದ ದಾರವಾಗಲಿ ನೆಲಕ್ಕೆ ಬಿದ್ದದ್ದು ಕಂಡರೆ ಅವಳ ಕೈ ತಾನಾಗಿ ಕೆಳಕ್ಕೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಬಾಗಿದ ಸೂಜಿ ಹಿಡಿದು ಹಾಸಿಗೆಯ ಅಂಚು ಹೊಲಿದವಳು. ಮೂರು ಬೆರಳ ತುದಿಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ಆದರೆ ಒಂದು ಚೂರನ್ನು ಎಸೆಯುವಷ್ಟು ಗಟ್ಟಿತನ ಆ ಕೈಗೆ ಕೊನೆಗೂ ಬರಲಿಲ್ಲ.

ಮನೆಯಲ್ಲೂ ಅದೇ ಬುದ್ಧಿ. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮೈ ತಿರುಗಿಸಿದರೆ ಮೊಣಕೈ ತಾಗುವಂಥ ಬಾಲ್ಕನಿ. ತರಕಾರಿ ತೊಳೆದ ನೀರು ಬಾಲ್ಕನಿಯ ಗಿಡಗಳಿಗೆ, ಬಟ್ಟೆ ಜಾಲಿಸಿದ ನೀರು ನೆಲ ಒರೆಸುವುದಕ್ಕೆ. ಗಂಡ ಗೋಡೆಗಳಿಗೆ ಬಣ್ಣ ಬಳಿಯುವವನು. ಅವನು ಖಾಲಿ ಮಾಡಿದ ಡಬ್ಬಗಳೇ ಹೂವಿನ ಕುಂಡ. ಅವನ ಹಳೆ ಅಂಗಿ ಮೊದಲು ದಿಂಬಿನ ಚೀಲವಾಗಿ, ಆಮೇಲೆ ಕೈ ಒರೆಸುವ ಬಟ್ಟೆಯಾಗಿ, ಆಮೇಲೆ ನೆಲದ ಬಟ್ಟೆಯಾಗಿ, ಕೊನೆಗೆ ಬ್ರಷ್ ಒರೆಸುವ ಚಿಂದಿಯಾಗಿ ಅವನ ಜೇಬಿಗೇ ವಾಪಸು ಬರುತ್ತಿತ್ತು. ಇದನ್ನು ಕೇಳಿ ಮೂಗು ಮುರಿಯುವವರು ಧಾರಾಳವಾಗಿ ಮುರಿಯಲಿ. ಮುರಿದ ಮೂಗನ್ನೂ ಚೂರಮ್ಮ ಒಂದು ಡಬ್ಬಿಯಲ್ಲಿ ಹಾಕಿಟ್ಟು ಯಾವುದಕ್ಕಾದರೂ ಬಳಸಿಯಾಳು.

ಹಾಗಂತ ಜಿಪುಣಿ ಅನ್ನಬೇಡಿ. ಬಂದವರಿಗೆ ಎರಡನೆಯ ಸಲ ಬಡಿಸದೆ ಎದ್ದೇಳಲು ಬಿಟ್ಟವಳಲ್ಲ. ಇರುವ ವಸ್ತು ಇನ್ನೂ ಕೆಲಸ ಮಾಡುತ್ತೇನೆ ಅನ್ನುತ್ತಿರುವಾಗ ಅದರ ಕತ್ತು ಹಿಡಿದು ಆಚೆ ನೂಕುವುದು ಅವಳಿಗೆ ಅನ್ಯಾಯವಾಗಿ ಕಾಣುತ್ತಿತ್ತು, ಅಷ್ಟೇ.

ಇಂಥವಳ ಮನೆಗೆ ‘ಸೋಮಾರಿ’ ಬಂದದ್ದು ಒಂದು ಡಬ್ಬಿ ಚಹಾದ ದೆಸೆಯಿಂದ. ಒಂದು ಚಳಿಯ ಬೆಳಿಗ್ಗೆ ಕಾರ್ಖಾನೆಯಲ್ಲಿ ಮುಚ್ಚಳದ ಡಬ್ಬಿಯೊಳಗೆ ಚಹಾ ಇಟ್ಟುಕೊಂಡು ಕೆಲಸಕ್ಕೆ ಕೂತಿದ್ದಳು. ಯಾರೋ ಬಂದು ಅದರ ಮೇಲೆ ಎರಡು ಮೂಟೆ ಹತ್ತಿ ಸುರಿದು ಹೋದರು. ಊಟದ ಹೊತ್ತಿಗೆ ಡಬ್ಬಿ ಸಿಕ್ಕಿತು. ತಣ್ಣಗಾಗಿರುತ್ತದೆ ಅಂದುಕೊಂಡು ಗಟಗಟ ಎತ್ತಿದಳು, ನಾಲಿಗೆ ಸುಟ್ಟುಕೊಂಡಳು. ಬೇರೆಯವರಾಗಿದ್ದರೆ ಸುರಿದವರಿಗೆ ನಾಲ್ಕು ಮಾತು ಬೈದು ಮರೆಯುತ್ತಿದ್ದರು. ಇವಳು ಸುಟ್ಟ ನಾಲಿಗೆಯನ್ನು ಹಲ್ಲಿಗೆ ಒತ್ತಿಕೊಂಡು ಯೋಚನೆಗೆ ಬಿದ್ದಳು. ಹತ್ತಿ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಬಿಡುವುದಿಲ್ಲ. ಹಾಗಿದ್ದರೆ ಕುದಿಯುವ ಪಾತ್ರೆಯನ್ನೇ ಹತ್ತಿಯೊಳಗೆ ಮಲಗಿಸಿದರೆ?

ಒಂದು ಹಳೆಯ ಮರದ ಪೆಟ್ಟಿಗೆ ಹುಡುಕಿದಳು. ಚೂರು ಬಟ್ಟೆಯಲ್ಲಿ ಚೀಲ ಹೊಲಿದು, ಚೂರು ಹತ್ತಿ ತುಂಬಿ, ತಳಕ್ಕೊಂದು, ನಾಲ್ಕು ಕಡೆಗೆ ನಾಲ್ಕು, ಮೇಲಕ್ಕೊಂದು ದಿಂಬು ಮಾಡಿದಳು. ನಡುವೆ ಪಾತ್ರೆ ಕೂರುವಷ್ಟು ಗೂಡು. ಕಾಳನ್ನೋ ಅಕ್ಕಿಯನ್ನೋ ಒಲೆಯ ಮೇಲೆ ಚೆನ್ನಾಗಿ ಕುದಿ ಬರಿಸಿ, ಪಾತ್ರೆಯ ಮುಚ್ಚಳವನ್ನು ಬಟ್ಟೆಯ ಪಟ್ಟಿಯಿಂದ ಬಿಗಿದು, ಗೂಡಿನಲ್ಲಿಟ್ಟು, ಮೇಲಿನ ದಿಂಬು ಒತ್ತಿ, ಪೆಟ್ಟಿಗೆ ಮುಚ್ಚಿ ಕೆಲಸಕ್ಕೆ ಹೋಗಿಬಿಡುವುದು. ಒಲೆ ಆರಿಯೇ ಇರುತ್ತದೆ. ನಾಲ್ಕು ಗಂಟೆ ಬಿಟ್ಟು ನೋಡಿದರೆ ಒಳಗಿದ್ದದ್ದು ತನ್ನ ಪಾಡಿಗೆ ತಾನು ಬೆಂದು ಹಬೆಯಾಡುತ್ತಿರುತ್ತದೆ. ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರ್ ಎರಡು ತಿಂಗಳ ಹತ್ತಿರ ಹತ್ತಿರ ಬರತೊಡಗಿತು. ಮಲಗಿದಲ್ಲೇ ಅಡುಗೆ ಮಾಡುವ ಈ ಪ್ರಾಣಿಗೆ ಸೋಮಾರಿ ಎಂದು ಹೆಸರಿಟ್ಟವನು ಗಂಡ.

ಈ ಸೋಮಾರಿಯದು ಒಂದೇ ಒಂದು ಕಟ್ಟಳೆ. ನಡುವೆ ಮುಚ್ಚಳ ತೆಗೆಯಬಾರದು. ಒಮ್ಮೆ ಇಣುಕಿದರೆ ಅರ್ಧ ಬಿಸಿ ಹೋಯಿತು. ಶುರುವಿನಲ್ಲಿ ಗಂಡ ಕುತೂಹಲ ತಡೆಯಲಾರದೆ ಮೂರು ಸಲ ಇಣುಕಿದ, ಆ ದಿನ ಮನೆಮಂದಿಯೆಲ್ಲ ಕಲ್ಲಿನಂಥ ಕಾಳು ಅಗಿದರು. ಆಮೇಲೆ ಅವನೇ ತನ್ನ ಕಸುಬು ತೋರಿಸಿ, ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ‘ಮುಚ್ಚಳ ತೆಗೆಯಬೇಡಿ’ ಎಂದು ಕಣ್ಣಿಗೆ ರಾಚುವ ಹಾಗೆ ಬರೆದ. ಅಲ್ಲಿಂದಾಚೆ ಆ ಮನೆಯಲ್ಲಿ ಯಾರೂ ನಡುವೆ ಆ ಮುಚ್ಚಳ ಮುಟ್ಟಿದವರಲ್ಲ. ಈ ಕಟ್ಟಳೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದಿನ ಪಡಿಪಾಟಲೆಲ್ಲ ಇದರಿಂದಲೇ.

ಮನೆಯಲ್ಲಿ ಇನ್ನೊಬ್ಬರಿದ್ದರು. ಅತ್ತೆ. ಎಪ್ಪತ್ತೊಂದು ವರ್ಷ, ದಪ್ಪ ಕನ್ನಡಕ, ಮೊಣಕಾಲು ನೋವು, ಆದರೆ ಕಿವಿ ಮಾತ್ರ ಹದಿನಾರರದ್ದು. ಐವತ್ತು ವರ್ಷ ಒಲೆಯ ಮುಂದೆ ನಿಂತ ಹೆಂಗಸು. ಒಳಕೋಣೆಯಲ್ಲಿ ಕೂತೇ ಪಾತ್ರೆಯ ಸದ್ದು ಕೇಳಿ, ಈಗ ನೀರು ಕುದೀತು, ಈಗ ಕಾಳು ಬಿರೀತು, ಈಗ ತಳ ಹಿಡಿಯೋಕೆ ಹೊರಟಿದೆ ಎಂದು ಹೇಳಬಲ್ಲವರು. ಸೋಮಾರಿ ಬಂದ ಹೊಸತರಲ್ಲಿ, ಚೂರಮ್ಮ ಪಾತ್ರೆ ಇಳಿಸುವಾಗ ಒಳಗಿನಿಂದ, ಇನ್ನೂ ಎರಡು ಕುದಿ ಬೇಕಿತ್ತು ಎಂದು ಒಮ್ಮೆ ಗೊಣಗಿದ್ದರು. ಆ ದಿನ ಕಾಳು ಸ್ವಲ್ಪ ಗಟ್ಟಿಯಾಗೇ ಉಳಿದಿತ್ತು. ಅತ್ತೆಯ ಮಾತು ನಿಜವಾಯಿತಲ್ಲ ಅನ್ನುವುದು ಸೊಸೆಗೆ ಹೊಳೆಯಲಿಲ್ಲ. ಹೊಳೆದರೂ ಅವಳದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಅನ್ನಿ.

ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಚೂರಮ್ಮ ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಸೋಮಾರಿ ಬಂದ ಮೇಲಂತೂ, ಇನ್ನು ಒಲೆಯ ಮುಂದೆ ನಿಲ್ಲುವ ಕಷ್ಟವಿಲ್ಲ, ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಪ್ರೀತಿಯಿಂದಲೇ ಹೇಳುತ್ತಿದ್ದಳು. ಅತ್ತೆ ಕೂತರು. ಕಿಟಕಿಯ ಪಕ್ಕ ಕೂತು ಬೀದಿ ನೋಡಿದರು. ಎಂಟು ತಿಂಗಳು ನೋಡಿದರು. ಸೋಮಾರಿಯ ಪಕ್ಕ ಹಾದುಹೋಗುವಾಗ ಮಾತ್ರ ಸೀರೆಯ ಸೆರಗು ಎಳೆದುಕೊಂಡು, ಅದು ತಮ್ಮನ್ನು ಕಚ್ಚೀತು ಅನ್ನುವ ಹಾಗೆ ದೂರದಿಂದ ಹೋಗುತ್ತಿದ್ದರು.

ಈಗ ಕಾರ್ಖಾನೆಯ ಸಂಗತಿಗೆ ಬರೋಣ. ಕಾರ್ಖಾನೆಯ ಹಿಂದೆ ಒಂದು ಗುಂಡಿ ಇತ್ತು. ಶನಿವಾರ ಸಂಜೆ ವಾರದ ಚೂರೆಲ್ಲ ಅಲ್ಲಿಗೆ ಹೋಗುತ್ತಿತ್ತು. ಹತ್ತಿ, ಬಟ್ಟೆ, ಸ್ಪಂಜಿನ ತುಂಡು ಎಲ್ಲ ಸೇರಿಸಿ ಬೆಂಕಿ ಇಡುತ್ತಿದ್ದರು. ಸ್ಪಂಜು ಸುಟ್ಟ ಕಪ್ಪು ಹೊಗೆ ಹಿಂದಿನ ಬೀದಿಯ ಮನೆಗಳಿಗೆಲ್ಲ ನುಗ್ಗುತ್ತಿತ್ತು. ಒಣಹಾಕಿದ ಬಟ್ಟೆ ನಾರುತ್ತಿತ್ತು, ಮಕ್ಕಳು ಕೆಮ್ಮುತ್ತಿದ್ದವು. ಚೂರಮ್ಮನ ಎದೆಯಲ್ಲೂ ಒಂದು ಕೆಮ್ಮು ಖಾಯಂ ಬಾಡಿಗೆಗೆ ಬಂದು ಕೂತಿತ್ತು. ಅವಳು ಎತ್ತಿಕೊಂಡು ಬಂದದ್ದು ಒಂದು ಜೋಳಿಗೆಯಷ್ಟು, ಬೆಂಕಿಗೆ ಬಿದ್ದದ್ದು ಹತ್ತು ಮೂಟೆ. ಶನಿವಾರ ಬಂದರೆ ಅವಳ ಹೊಟ್ಟೆಯೊಳಗೇ ಬೆಂಕಿ ಬಿದ್ದ ಹಾಗಾಗುತ್ತಿತ್ತು.

ಕಾರ್ಖಾನೆಯ ಯಜಮಾನಿ ಕೆಟ್ಟವಳಲ್ಲ. ಗಟ್ಟಿ ಧ್ವನಿ, ಗಟ್ಟಿ ನಗು, ಗಟ್ಟಿ ತಲೆ. ಚೂರಮ್ಮ ಗುಂಡಿಯ ಮಾತೆತ್ತಿದಾಗಲೆಲ್ಲ, ಸುಡದೆ ತಲೆಯ ಮೇಲೆ ಹೊತ್ತುಕೊಳ್ಳಲಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು. ಒಂದು ದಿನ ಚೂರಮ್ಮ ಪಟ್ಟು ಬಿಡಲಿಲ್ಲ. ಹತ್ತಿ-ಬಟ್ಟೆಯ ಚೂರಿನಲ್ಲಿ ಸೋಮಾರಿಯಂಥ ಪೆಟ್ಟಿಗೆ ಮಾಡಬಹುದು, ಸ್ಪಂಜನ್ನೂ ಹೊರಗಿನ ಪದರಕ್ಕೆ ತುಂಬಬಹುದು, ಮನೆಮನೆಗೂ ಬೇಕಾಗುವ ವಸ್ತು ಎಂದು ಹೇಳಿದಳು. ಒಲೆಯಿಲ್ಲದೆ ಅಡುಗೆ ಅಂದದ್ದೇ ತಡ, ಯಜಮಾನಿ ಕಾರ್ಖಾನೆಯೆಲ್ಲ ಕೇಳುವ ಹಾಗೆ ನಕ್ಕಳು. ನಕ್ಕು ಮುಗಿಸಿ ಎಲ್ಲರ ಎದುರಿಗೇ ಹೇಳಿದಳು:

“ಭಾನುವಾರ ನಿಮ್ಮನೆಗೆ ಊಟಕ್ಕೆ ಬರ್ತೀನಿ. ಬೆಳಿಗ್ಗೆ ಒಂಬತ್ತರ ಮೇಲೆ ಒಲೆ ಹಚ್ಚಬಾರದು. ಮಧ್ಯಾಹ್ನ ಬಿಸಿ ಬಿಸಿ ಊಟ ಹಾಕು. ಹಾಕಿದ್ರೆ ಆ ಗುಂಡಿ ಮುಚ್ಚಿಸ್ತೀನಿ. ಹಾಕದಿದ್ರೆ ಇನ್ಮೇಲೆ ಗುಂಡಿ ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು.”

ಚೂರಮ್ಮ ಒಪ್ಪಿಕೊಂಡಳು. ಮನೆಗೆ ಬಂದವಳೇ ಗಂಡನಿಗೆ ಎಲ್ಲ ಹೇಳಿದಳು. ಅತ್ತೆಗೆ, ಭಾನುವಾರ ಊಟಕ್ಕೆ ಕಾರ್ಖಾನೆಯವರು ಬರ್ತಾರೆ ಎಂದಷ್ಟೇ ಹೇಳಿದಳು. ಪಂದ್ಯದ ಮಾತು ಹೇಳಲಿಲ್ಲ. ಹೇಳಿದರೆ ಅತ್ತೆಯೂ ನಕ್ಕಾರು, ಎರಡು ಕಡೆಯ ನಗು ತಡೆಯುವ ಶಕ್ತಿ ತನಗಿಲ್ಲ ಅಂದುಕೊಂಡಳು. ಅಲ್ಲೇ ತಪ್ಪಿದಳು.

ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದ ಹೊತ್ತಿಗೆ ಅಡುಗೆ ಶುರುವಾಯಿತು. ಎಂಟು ಜನಕ್ಕಾಗುವ ದೊಡ್ಡ ಪಾತ್ರೆಯಲ್ಲಿ ರಾತ್ರಿ ನೆನೆಸಿದ ಕಾಳು, ಗೆಡ್ಡೆ, ಅಕ್ಕಿ, ಸೊಪ್ಪು, ಕೊನೆಗೆ ಬೆಳ್ಳುಳ್ಳಿಯ ಒಗ್ಗರಣೆ. ಕುದಿ ಬಂತು. ಇನ್ನೆಷ್ಟು ಹೊತ್ತು ಎಂದು ಒಂದು ಗಳಿಗೆ ಅನುಮಾನವೂ ಬಂತು. ಅತ್ತೆಯ ಕೋಣೆಯ ಕಡೆ ನೋಡಿದಳು, ಖಾಲಿ. ಎಂಟು ಗಂಟೆಗೆ ಪಾತ್ರೆ ಸೋಮಾರಿಯ ಹೊಟ್ಟೆಗೆ ಸೇರಿತು. ಒಲೆ ಒರೆಸಿ ಫಳಫಳ ಮಾಡಿದಳು, ಯಜಮಾನಿ ಬಂದು ಮುಟ್ಟಿ ನೋಡಿದರೂ ತಣ್ಣಗಿರಬೇಕಲ್ಲ. ಕಾರ್ಖಾನೆಯಲ್ಲಿ ಅರ್ಧ ದಿನದ ತುರ್ತು ಕೆಲಸವಿತ್ತು. ಗಂಡನೂ ಯಾರದೋ ಮನೆಯ ಗೇಟಿಗೆ ಎರಡನೆಯ ಸುತ್ತು ಬಳಿಯಲು ಹೊರಟಿದ್ದ. ಹೊರಡುವಾಗ ಅತ್ತೆಗೆ ಹೇಳಿದಳು: ನದಿ ಪಕ್ಕದ ಬೀದಿಗಳಲ್ಲಿ ಮನೆಗೆ ನೀರು ನುಗ್ಗಿದವರಿಗೆ ಹೊದಿಕೆ ಹಾಸಿಗೆ ಕೂಡಿಸುವ ಗಾಡಿ ಹತ್ತು ಗಂಟೆಗೆ ಬರುತ್ತದೆ, ಬಾಗಿಲ ಹತ್ತಿರ ಕಟ್ಟಿಟ್ಟ ಗಂಟು ಕೊಟ್ಟುಬಿಡಿ, ಮಿಕ್ಕಂತೆ ನೀವು ಸುಮ್ನೆ ಕೂತ್ಕೊಳ್ಳಿ.

ಹನ್ನೆರಡೂವರೆಗೆ ಚೂರಮ್ಮ ಯಜಮಾನಿಯನ್ನೂ, ಪಕ್ಕದ ಹೊಲಿಗೆಯಂತ್ರದ ಗೆಳತಿಯನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ಗಂಡ ಆಗಲೇ ಬಂದು ಕೈಯ ಬಣ್ಣ ಉಜ್ಜಿಕೊಳ್ಳುತ್ತಿದ್ದ. ಯಜಮಾನಿ ಸೀದಾ ಅಡುಗೆಮನೆಗೆ ನುಗ್ಗಿ ಒಲೆಯ ಮೇಲೆ ಅಂಗೈ ಇಟ್ಟು, ತಣ್ಣಗಿದೆ ಎಂದು ಘೋಷಿಸಿದಳು. ಆಮೇಲೆ, ಎಲ್ಲಿ ನಿನ್ನ ಸೋಮಾರಿ ಎಂದಳು. ಚೂರಮ್ಮ ಗೋಡೆಯ ಮೂಲೆಗೆ ತಿರುಗಿದಳು. ಅಲ್ಲಿ ನಾಲ್ಕು ಮೂಲೆಯ ಒಂದು ಧೂಳಿನ ಗುರುತು ಬಿಟ್ಟು ಬೇರೇನೂ ಇರಲಿಲ್ಲ.

“ಅತ್ತೆ, ಪೆಟ್ಟಿಗೆ ಎಲ್ಲಿ?”

“ಗಾಡಿಯವರಿಗೆ ಕೊಟ್ಟೆ,” ಅಂದರು ಅತ್ತೆ ಕಿಟಕಿಯ ಕಡೆ ನೋಡುತ್ತಾ. “ಅದೂ ಹತ್ತಿಯೇ ತಾನೆ.”

“ಅದ್ರೊಳಗೆ ಊಟ ಇತ್ತು ಅತ್ತೆ.”

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. ಕನ್ನಡಕದ ಹಿಂದೆ ಕಣ್ಣು ಇಷ್ಟಗಲವಾಯಿತು. ಗೆಳತಿ ಅಯ್ಯಯ್ಯೋ ಅಂದಳು. ಯಜಮಾನಿ ಬಾಯಿಗೆ ಸೆರಗು ಒತ್ತಿಕೊಂಡಳು, ನಗುವಿಗೋ ಕನಿಕರಕ್ಕೋ ಗೊತ್ತಾಗಲಿಲ್ಲ. ಚೂರಮ್ಮನ ಕಣ್ಣ ಮುಂದೆ ಬಂದದ್ದು ಊಟವಲ್ಲ, ಶನಿವಾರದ ಕಪ್ಪು ಹೊಗೆ. ಇನ್ನು ಸಾಯುವವರೆಗೆ ಆ ಮಾತು ಎತ್ತುವ ಹಾಗಿಲ್ಲ.

ಗಾಡಿಯವರು ಕೊಟ್ಟುಹೋದ ಚೀಟಿಯಲ್ಲಿ ಫೋನ್ ನಂಬರ್ ಇತ್ತು. ಗಂಡ ಒತ್ತಿ ಅವಳ ಕೈಗೆ ಕೊಟ್ಟ. ಆ ಕಡೆಯಿಂದ ಒಬ್ಬ ಹೆಂಗಸು ಹಲೋ ಅನ್ನುವಷ್ಟರಲ್ಲಿ, ನಮಸ್ಕಾರವಿಲ್ಲ, ತಾನು ಯಾರೆಂದು ಹೇಳಿದ್ದಿಲ್ಲ, ಚೂರಮ್ಮನ ಬಾಯಿಂದ ಬಂದ ಮೊದಲ ಮಾತು “ಮುಚ್ಚಳ ತೆಗೀಬೇಡಿ.” ಆ ಹೆಂಗಸು, ಕೆಂಪು ಅಕ್ಷರದ ಪೆಟ್ಟಿಗೆಯೇ ಎಂದು ಕೇಳಿದಳು. ಅದನ್ನು ತೆಗೆಯಲು ನಮ್ಮಲ್ಲಿ ಯಾರಿಗೂ ಧೈರ್ಯವಾಗಿಲ್ಲ, ಮೂಲೆಗೆ ನೂಕಿಟ್ಟಿದ್ದೇವೆ, ಒಳಗೇನಿದೆ ಎಂದು ದಯವಿಟ್ಟು ಹೇಳಿ ಎಂದಳು. ಊಟ ಎಂದಳು ಚೂರಮ್ಮ. ಊಟವಾ ಎಂದಳು ಆ ಹೆಂಗಸು. ಊಟ, ಎಂಟು ಜನಕ್ಕೆ, ಬಂದು ತೆಗೀತೀವಿ, ಅಲ್ಲಿವರೆಗೆ ಇಣುಕಲೂಬೇಡಿ ಎಂದು ಇವಳು ಬೇಡಿಕೊಂಡಳು.

ಯಜಮಾನಿ ಆಗಲೇ ಚಪ್ಪಲಿ ಮೆಟ್ಟಿದ್ದಳು. ಹಸಿವು ಹೇಗೂ ಆಗಿದೆ, ಈ ತಮಾಷೆಯನ್ನು ಅರ್ಧಕ್ಕೆ ಬಿಟ್ಟು ಹೋದರೆ ಊಟ ಮಾಡಿದರೂ ಅರಗದು ಎಂದಳು. ಎರಡು ಆಟೋ ಹಿಡಿದರು. ಗಂಡ ಮತ್ತು ಗೆಳತಿ ಮುಂದಿನದರಲ್ಲಿ. ಚೂರಮ್ಮ ಮತ್ತು ಯಜಮಾನಿ ಹಿಂದಿನದರಲ್ಲಿ ಕೂತರು. ಅತ್ತೆಯನ್ನು ಯಾರೂ ಬನ್ನಿ ಅನ್ನಲಿಲ್ಲ. ಅವರೇ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದು, ಸೊಸೆಯ ಪಕ್ಕ ಒತ್ತರಿಸಿ ಕೂತುಬಿಟ್ಟರು. ಚೂರಮ್ಮ ಮುಖ ಆಚೆ ತಿರುಗಿಸಿದಳು. ಅವಳಿಗೆ ಬಂದಿದ್ದ ಸಿಟ್ಟು ಅಂಥಿಂಥದ್ದಲ್ಲ.

ಎರಡು ತಿರುವು ದಾಟಿದ ಮೇಲೆ ಅತ್ತೆ ಮಾತಾಡಿದರು.

“ಗೊತ್ತಿಲ್ದೆ ಕೊಟ್ಟಿದ್ದಲ್ಲ. ಬೇಕಂತಲೇ ಕೊಟ್ಟೆ. ಖಾಲಿ ಇದೆ ಅಂದ್ಕೊಂಡಿದ್ದೆ, ಅಷ್ಟೇ. ಜನ ಬರೋ ದಿನ ಯಾರು ಪೆಟ್ಟಿಗೇಲಿ ಅಡುಗೆ ಮಾಡ್ತಾರೆ ಅಂತ. ಒಗ್ಗರಣೆ ಘಮ ಬೆಳಗಿನ ತಿಂಡೀದು ಅಂದ್ಕೊಂಡೆ, ಮುಚ್ಚಳ ತೆಗೆದು ನೋಡೋ ಹಾಗಂತೂ ಇಲ್ಲ.”

ಚೂರಮ್ಮ ತಿರುಗಿ ನೋಡಿದಳು.

“ಅದು ಇಲ್ದಿದ್ರೆ ನೀನು ಒಲೆ ಹಚ್ಚಲೇಬೇಕು. ಮನೆ ತುಂಬ ಜನ, ಒಬ್ಬಳ ಕೈಲಿ ಆಗಲ್ಲ. ಆಗ, ಅತ್ತೆ ಒಂದು ನಿಮಿಷ ಬನ್ನಿ, ಇದನ್ನ ನೋಡ್ಕೊಳ್ಳಿ ಅಂತ ಕರೀತೀಯ ಅಂದ್ಕೊಂಡೆ.” ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಎಂಟು ತಿಂಗಳಾಯ್ತು ನೀನು ನನ್ನ ಕರೆದು. ಬೆಳಗಾದ್ರೆ ಸುಮ್ನೆ ಕೂತ್ಕೊಳ್ಳಿ, ಸಂಜೆಯಾದ್ರೆ ಸುಮ್ನೆ ಕೂತ್ಕೊಳ್ಳಿ. ನಾನೇನು ನಿನ್ನ ಪಾತ್ರೇನಾ, ಸುಮ್ನೆ ಕೂತ್ರೆ ಬೇಯೋಕೆ?”

ಯಜಮಾನಿ ಹೊರಗಿನ ಅಂಗಡಿಗಳನ್ನು ಒಂದೊಂದಾಗಿ ಬಹಳ ಆಸಕ್ತಿಯಿಂದ ನೋಡತೊಡಗಿದಳು. ಚೂರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೊಲಿಗೆಯಿಂದ ಬಿದ್ದ ಚೂರನ್ನೆಲ್ಲ ಬಗ್ಗಿ ಬಗ್ಗಿ ಎತ್ತಿದವಳು ತಾನು, ಇನ್ನೂ ಕೆಲಸಕ್ಕೆ ಬರುತ್ತದೆ ಎಂದು ಹಳೆ ಅಂಗಿಗೆ ನಾಲ್ಕು ಜನ್ಮ ಕೊಟ್ಟವಳು. ಮನೆಯಲ್ಲಿದ್ದ ಒಂದು ಜೀವವನ್ನು, ಐವತ್ತು ವರ್ಷದ ಕೈಯನ್ನು, ತಾನೇ ಮೂಲೆಗುಂಪು ಮಾಡಿ ಕಿಟಕಿಯ ಪಕ್ಕ ಕೂರಿಸಿದ್ದಳು. ಅದೂ ಪ್ರೀತಿಯ ಹೆಸರಿನಲ್ಲಿ. ಸಿಟ್ಟು ಎಲ್ಲಿ ಹೋಯಿತೋ, ನಾಚಿಕೆ ಬಂದು ಅದರ ಜಾಗದಲ್ಲಿ ಕೂತಿತು. ಅವಳು ಅತ್ತೆಯ ಕೈ ಹಿಡಿದುಕೊಂಡಳು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ.

ಹೊದಿಕೆ ಕೂಡಿಸುತ್ತಿದ್ದದ್ದು ಒಂದು ಶಾಲೆಯ ದೊಡ್ಡ ಹಾಲ್‌ನಲ್ಲಿ. ಒಂದು ಬದಿಗೆ ಹಾಸಿಗೆಗಳ ಗುಡ್ಡ, ಇನ್ನೊಂದು ಬದಿಗೆ ಚಾಪೆ ಹಾಸಿಕೊಂಡು ಕೂತ ಹನ್ನೊಂದು ಸಂಸಾರ. ಹೊರಗೆ ಜಗಲಿಯಲ್ಲಿ ಎರಡೇ ಎರಡು ಒಲೆ, ಅವುಗಳ ಮುಂದೆ ಪಾತ್ರೆ ಹಿಡಿದುಕೊಂಡ ಸಾಲು. ಫೋನಿನ ಹೆಂಗಸು ಬಂದು ಇವರನ್ನು ಮೂಲೆಗೆ ಕರೆದೊಯ್ದಳು. ಸೋಮಾರಿಯ ಮೇಲೆ ಆರು ಹಾಸಿಗೆ ಬಿದ್ದಿದ್ದವು. ಅದರಲ್ಲಿ ಎರಡರ ಅಂಚು ನೋಡಿ ಯಜಮಾನಿ, ಇವು ನಮ್ಮವೇ ಎಂದು ಬೆರಳಲ್ಲಿ ಸವರಿದಳು. ಹಾಸಿಗೆಗಳನ್ನು ಸರಿಸಿದ ಮೇಲೆ ಕೆಂಪು ಅಕ್ಷರಗಳು ಕಂಡವು. ಹಾಲ್‌ನಲ್ಲಿದ್ದವರೆಲ್ಲ ಬಂದು ಸುತ್ತ ನಿಂತರು. ಗಂಟೆ ಒಂದೂಕಾಲಾಗಿತ್ತು. ಐದು ಗಂಟೆಯ ಮೇಲೆ ಕಾಲು ಗಂಟೆ. ಗಾಡಿಗೆ ಹತ್ತಿಸಿ ಇಳಿಸಿದ್ದಾರೆ, ಎಷ್ಟು ಸಲ ವಾಲಿಸಿದ್ದಾರೋ, ಚೆಲ್ಲಿದೆಯೋ, ತಣ್ಣಗಾಗಿದೆಯೋ. ಚೂರಮ್ಮ ಮುಚ್ಚಳದ ಮೇಲೆ ಕೈ ಇಟ್ಟಳು. ಇಟ್ಟು, ಮತ್ತೆ ಹಿಂದೆಗೆದಳು. ಹಿಂದೆ ಯಾರೋ ಕೊಟ್ಟ ಕುರ್ಚಿಯ ಮೇಲೆ ಅತ್ತೆ ಕೂತಿದ್ದರು.

“ಅತ್ತೆ, ಏಳಿ. ಸುಮ್ನೆ ಕೂತ್ಕೋಬೇಡಿ. ಮುಚ್ಚಳ ನೀವೇ ತೆಗೀರಿ.”

ಅತ್ತೆ ಎದ್ದು ಬಂದರು. ಮೊಣಕಾಲು ಊರಿ ಕೂತರು. ಪೆಟ್ಟಿಗೆಯ ಮುಚ್ಚಳ ತೆಗೆದು, ಮೇಲಿನ ದಿಂಬು ಎತ್ತಿದರು. ದಿಂಬು ಬಿಸಿಯಾಗಿತ್ತು, ಒದ್ದೆಯಾಗಿರಲಿಲ್ಲ. ಪಾತ್ರೆಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿದರು. ಪಾತ್ರೆಯ ಮುಚ್ಚಳ ಸರಿದದ್ದೇ ಹಬೆ ಭುಸ್ಸೆಂದು ಎದ್ದು ಅವರ ದಪ್ಪ ಕನ್ನಡಕವನ್ನೆಲ್ಲ ಮುಚ್ಚಿಬಿಟ್ಟಿತು. ಬೆಳ್ಳುಳ್ಳಿಯ ಘಮ ಹಾಲ್‌ನ ತುದಿಯವರೆಗೂ ಹೋಯಿತು. ಒಂದು ಮಗು, ಅಮ್ಮಾ ಊಟ ಎಂದಿತು. ಅತ್ತೆ ಕಣ್ಣು ಕಾಣದೆಯೇ ಕೈಹಾಕಿ ಒಂದು ಕಾಳು ತೆಗೆದು ಎರಡು ಬೆರಳ ನಡುವೆ ಒತ್ತಿ ನೋಡಿದರು.

“ಬೆಂದಿದೆ,” ಅಂದರು. ಆಮೇಲೆ ಸೊಸೆಯ ಕಡೆ ತಿರುಗಿ ಮೆಲ್ಲಗೆ, “ಇನ್ನೆರಡು ಕುದಿ ಕೊಟ್ಟಿದ್ರೆ ಬೆಣ್ಣೆ ಆಗ್ತಿತ್ತು,” ಎಂದರು.

ಚೂರಮ್ಮ ಅಳುತ್ತಲೇ ನಕ್ಕಳು. ಎಂಟು ಜನರ ಊಟವನ್ನು ಅಲ್ಲಿದ್ದ ಅಷ್ಟೂ ಜನ ಹಂಚಿಕೊಂಡು ತಿಂದರು. ಮಕ್ಕಳಿಗೆ ತಟ್ಟೆಯಲ್ಲಿ, ದೊಡ್ಡವರಿಗೆ ಲೋಟದಲ್ಲಿ, ಯಜಮಾನಿಗೆ ಪಾತ್ರೆಯ ಮುಚ್ಚಳದಲ್ಲಿ. ಯಜಮಾನಿ ಮೊದಲ ತುತ್ತಿಗೇ ಬಾಯಿ ಸುಟ್ಟುಕೊಂಡು ಹಾ ಹೂ ಎಂದಳು. ಗಂಡ ಪಕ್ಕದಲ್ಲಿ ನಿಂತು, ಬಿಸಿ ಇದೆಯಾ ಅಮ್ಮಾವ್ರೆ ಎಂದು ಬಹಳ ವಿನಯದಿಂದ ಕೇಳಿದ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸಿದಳು.

ಪಾತ್ರೆ ತೊಳೆದು ಹೊರಡುವ ಹೊತ್ತಿಗೆ ಗಂಡ ಪೆಟ್ಟಿಗೆ ಎತ್ತಲು ಬಗ್ಗಿದ. ಅತ್ತೆ ತಡೆದರು. ಕೊಟ್ಟದ್ದನ್ನು ಯಾರಾದರೂ ವಾಪಸು ತೆಗೆದುಕೊಂಡು ಹೋಗುತ್ತಾರೆಯೇ, ಹನ್ನೊಂದು ಸಂಸಾರಕ್ಕೆ ಎರಡೇ ಒಲೆ, ಇದು ಇಲ್ಲಿರಲಿ ಎಂದರು. ಎಂಟು ತಿಂಗಳು ಸೆರಗು ಎಳೆದುಕೊಂಡು ಓಡಾಡಿದವರು ಇವರೇನಾ ಎಂದು ಮಗ ಬಾಯಿ ಬಿಟ್ಟು ನೋಡಿದ. ಫೋನಿನ ಹೆಂಗಸಿಗೆ, ಯಾವುದನ್ನು ಎಷ್ಟು ಕುದಿಸಿ ಒಳಗಿಡಬೇಕು ಎನ್ನುವುದೇ ತಿಳಿಯದಲ್ಲ ಎಂಬ ಚಿಂತೆ. ಅದಕ್ಕೇನು, ನಾನು ಬಂದು ಹೇಳಿಕೊಡ್ತೀನಿ, ಮನೇಲಿ ನನಗೇನೂ ಕೆಲಸವಿಲ್ಲ ಎಂದರು ಅತ್ತೆ. ಯಜಮಾನಿ ಒಂದು ಕ್ಷಣ ಯೋಚಿಸಿ, ಹಾಗಾದರೆ ಒಂದು ಸಾಲದು, ಹನ್ನೊಂದು ಬೇಕು, ನಾಳೆಯೇ ಶುರು ಮಾಡೋಣ ಎಂದಳು. ಚೂರಮ್ಮನ ಕಡೆ ನೋಡದೆ, ಗುಂಡಿಗೆ ಎರಡು ಗಾಡಿ ಮಣ್ಣು ಹೊಡೆಸಿದರೆ ಸಾಕಾಗಬಹುದು ಎಂದೂ ಸೇರಿಸಿದಳು.

ಆ ಶನಿವಾರ ಹಿಂದಿನ ಬೀದಿಯವರು ಹೊಗೆಯ ಹೊತ್ತಾಯಿತೆಂದು ಎಂದಿನಂತೆ ಬಟ್ಟೆ ಒಳಗೆಳೆದುಕೊಂಡು ಕಿಟಕಿ ಮುಚ್ಚಿದರು. ಕತ್ತಲಾಗುವವರೆಗೂ ಹೊಗೆ ಬರಲಿಲ್ಲ. ಕಾರ್ಖಾನೆಯೊಳಗೆ ಚೂರುಗಳ ಮೂಟೆಯ ಮೇಲೆ ಕೂತು ಐದು ಜನ ದಿಂಬು ಹೊಲಿಯುತ್ತಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು, ಯಾವ ಕಾಳಿಗೆ ಎಷ್ಟು ಕುದಿ ಎಂದು ಹೇಳುತ್ತಿದ್ದರು. ಸುಮ್ಮನೆ ಕೂತಿರಲಿಲ್ಲ.

ಮನೆಗೂ ಹೊಸ ಸೋಮಾರಿ ಬಂತು. ಅದರ ಮೇಲೆ ಬರೆಯಲು ಗಂಡ ಬ್ರಷ್ ಹಿಡಿದು ಕೂತಾಗ ಚೂರಮ್ಮ ಪಕ್ಕದಲ್ಲಿ ನಿಂತು ಒಂದು ಮಾತು ಸೇರಿಸಲು ಹೇಳಿದಳು. ಈಗ ಅದರ ಮೇಲೆ ಕೆಂಪು ಬಣ್ಣದಲ್ಲಿ ‘ಅಮ್ಮನನ್ನು ಕೇಳದೆ ಮುಚ್ಚಳ ತೆಗೆಯಬೇಡಿ’ ಎಂದಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೂ ಚೂರಮ್ಮ ಒಲೆಯ ಮುಂದೆ ಪಾತ್ರೆ ಹಿಡಿದು ನಿಂತು ಒಳಕೋಣೆಗೆ ಕೂಗುತ್ತಾಳೆ.

“ಅತ್ತೆ, ಸಾಕಾ?”

“ಇನ್ನೆರಡು.”

ಎಷ್ಟೇ ಹೊತ್ತಾಗಿರಲಿ, ಅವಳು ಆ ಎರಡು ಕುದಿಯನ್ನು ಕಾಯುತ್ತಾಳೆ.